ಕ್ರೀಡಾ ನೀತಿ ಮತ್ತು ಅದರ ಹಿಂದಿನ ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಆಟದೊಳಗೆ ರಾಜಕೀಯ ಯಾಕೆ ತರುತ್ತೀರಿ? ಆಟ ಆಟವಾಗಿಯೇ ಇರಲಿ ಬಿಡಿ.

ಆಡುವವರ ಮಟ್ಟಿಗೆ ಹಾಗೇ ಇರಲಿ, ನನಗೂ ಅದೇ ಇಷ್ಟ. ಆದರೆ ಸರ್ಕಾರದ ಕೈಯಲ್ಲಿ ಒಂದಿಷ್ಟು ಹಣ ಇದೆ, ಒಂದಿಷ್ಟು ಜಾಗ ಇದೆ. ಆ ಹಣದಲ್ಲಿ ಕೆಲವೇ ಓಟಗಾರರನ್ನು ಎಂಟು ಹತ್ತು ವರ್ಷ ಸಾಕಿ ಒಲಿಂಪಿಕ್ಸ್‌ಗೆ ಕಳಿಸಬಹುದು. ಅದೇ ಹಣದಲ್ಲಿ ಹತ್ತಾರು ಬಡಾವಣೆಗಳ ಮೈದಾನ ಸರಿಪಡಿಸಿ, ದೀಪ ಹಾಕಿಸಿ, ಕೆಲಸ ಮುಗಿಸಿ ಬಂದವರೂ ಸಂಜೆ ಆಡುವಂತೆ ಮಾಡಬಹುದು. ಎರಡೂ ಒಳ್ಳೆಯ ಕೆಲಸವೇ. ಯಾವುದು ಮೊದಲು ಅಂತ ತೀರ್ಮಾನ ಮಾಡಿದ ಕ್ಷಣವೇ ಅಲ್ಲಿ ರಾಜಕೀಯ ಬಂತು. ನಾವು ತರಬೇಕಾಗಿಲ್ಲ, ಅದು ಮೊದಲೇ ಅಲ್ಲಿದೆ.

ರಾಜಕೀಯ ಸಿದ್ಧಾಂತ ಅಂದರೆ ಪಕ್ಷ ಅಂತಲಾ?

ಅಲ್ಲ. ಪಕ್ಷ ಬದಲಾದರೂ ಎಷ್ಟೋ ಸಲ ನೀತಿ ಬದಲಾಗುವುದಿಲ್ಲ. ಇಲ್ಲಿ ಸಿದ್ಧಾಂತ ಅಂದರೆ ಒಂದು ಪ್ರಶ್ನೆಗೆ ಸರ್ಕಾರ ಕೊಡುವ ಉತ್ತರ: ಆಟ ಯಾರಿಗಾಗಿ? ದೇಶದ ಹೆಸರಿಗಾಗಿ ಅಂತ ಒಬ್ಬರು, ಸೈನ್ಯಕ್ಕೆ ಗಟ್ಟಿ ದೇಹ ಬೇಕು ಅಂತ ಇನ್ನೊಬ್ಬರು, ಜನರ ಆರೋಗ್ಯಕ್ಕೆ ಅಂತ ಮತ್ತೊಬ್ಬರು. ಇದೊಂದು ವ್ಯಾಪಾರ, ಮಾರುಕಟ್ಟೆಯೇ ನೋಡಿಕೊಳ್ಳಲಿ ಅನ್ನುವವರೂ ಇದ್ದಾರೆ. ಆಡುವುದು ಪ್ರತಿಯೊಬ್ಬರ ಹಕ್ಕು ಅನ್ನುವುದು ಇನ್ನೊಂದು ಉತ್ತರ. ಯುನೆಸ್ಕೋ 1978ರ ತನ್ನ ಸನ್ನದಿನಲ್ಲಿ ಇದನ್ನೇ ಹೇಳಿತು, ದೈಹಿಕ ಶಿಕ್ಷಣ ಮತ್ತು ಕ್ರೀಡೆ ಎಲ್ಲರ ಮೂಲಭೂತ ಹಕ್ಕು ಅಂತ. ನಾನು ಆ ಪಕ್ಕದವನು. ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಉತ್ತರಗಳನ್ನು ಅದನ್ನು ತಿಳಿದುಕೊಂಡೇ ಓದಿ.

ಸರ್ಕಾರಗಳು ಆಟದೊಳಗೆ ಕೈ ಹಾಕಿದ್ದು ಯಾವಾಗಿನಿಂದ?

ಒಂದು ಹಳೆಯ ಉದಾಹರಣೆ ನನಗೆ ತುಂಬಾ ಇಷ್ಟ. 1806ರಲ್ಲಿ ಫ್ರಾನ್ಸಿನ ನೆಪೋಲಿಯನ್ ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯವನ್ನು ಸೋಲಿಸಿದ. ಆ ಅವಮಾನದ ದಿನಗಳಲ್ಲಿ ಫ್ರೀಡ್ರಿಚ್ ಲುಡ್ವಿಗ್ ಯಾನ್ ಅನ್ನುವ ಮೇಷ್ಟ್ರು 1811ರಲ್ಲಿ ಬರ್ಲಿನ್ನಿನ ಹೊರಗೆ ಬಯಲು ವ್ಯಾಯಾಮಶಾಲೆ ಶುರು ಮಾಡಿದರು. ಹುಡುಗರ ಮೈ ಗಟ್ಟಿಯಾಗಬೇಕು, ದೇಶ ಎದ್ದು ನಿಲ್ಲಬೇಕು ಅನ್ನುವುದು ಅವರ ಆಸೆ. ನೆಪೋಲಿಯನ್ ಹೋಗುವವರೆಗೆ ಅರಸರಿಗೂ ಇದು ಬೇಕಿತ್ತು. ಆಮೇಲೆ ಅದೇ ಹುಡುಗರು ಒಂದೇ ಜರ್ಮನಿ ಬೇಕು, ಸಂವಿಧಾನ ಬೇಕು ಅಂತ ಮಾತಾಡಲು ಶುರು ಮಾಡಿದರು. ಪ್ರಷ್ಯಾ ಸರ್ಕಾರ ಯಾನ್ ಅವರನ್ನು ಬಂಧಿಸಿತು. 1820ರಿಂದ 1842ರವರೆಗೆ ಬಯಲು ವ್ಯಾಯಾಮವನ್ನೇ ನಿಷೇಧಿಸಿತು. ಇಪ್ಪತ್ತೆರಡು ವರ್ಷ! ಕಂಬ ಹತ್ತುವುದು, ಕಸರತ್ತು ಮಾಡುವುದು ಅಪರಾಧವಾಯಿತು.

ದೇಹ ಗಟ್ಟಿಯಾಗಲಿ, ಆದರೆ ನಮ್ಮ ಮಾತು ಕೇಳುತ್ತಿರಲಿ ಅನ್ನುವ ಈ ಆಸೆ ಆಮೇಲೆಯೂ ಹೋಗಲಿಲ್ಲ. ಸೋವಿಯತ್ ಒಕ್ಕೂಟ 1931ರಲ್ಲಿ ಜಿಟಿಒ ಅನ್ನುವ ದೈಹಿಕ ಪರೀಕ್ಷೆಯ ಯೋಜನೆ ತಂದಿತು. ಓಟ, ಜಿಗಿತ, ಈಜು ಎಲ್ಲದಕ್ಕೂ ಮಟ್ಟ ಇಟ್ಟು ಬ್ಯಾಡ್ಜ್ ಕೊಡುತ್ತಿದ್ದರು. ಜಿಟಿಒ ಅಂದರೆ ‘ದುಡಿಮೆಗೆ ಮತ್ತು ರಕ್ಷಣೆಗೆ ಸಿದ್ಧ’ ಅಂತ ಅರ್ಥ. ಕಾರ್ಖಾನೆಗೂ ಗಡಿಗೂ ಬೇಕಾದ ದೇಹ ಅಂತ ಹೆಸರಿನಲ್ಲೇ ಹೇಳಿಬಿಟ್ಟಿದ್ದರು. ರಷ್ಯಾ 2014ರಲ್ಲಿ ಅದೇ ಹೆಸರಿನಲ್ಲಿ ಅದನ್ನು ಮತ್ತೆ ಶುರು ಮಾಡಿತು.

1936ರ ಬರ್ಲಿನ್ ಒಲಿಂಪಿಕ್ಸ್ ಬಗ್ಗೆ ಎಲ್ಲರೂ ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ ಕಥೆ ಹೇಳುತ್ತಾರೆ. ಹಿಟ್ಲರ್‌ಗೆ ಮುಖಭಂಗ ಆಯಿತು ಅಲ್ವಾ?

ಓವೆನ್ಸ್ ನಾಲ್ಕು ಚಿನ್ನ ಗೆದ್ದಿದ್ದು ದೊಡ್ಡ ವಿಷಯ. ಆದರೆ ಪದಕ ಪಟ್ಟಿಯಲ್ಲಿ ಮೊದಲು ಬಂದಿದ್ದು ಜರ್ಮನಿ, 33 ಚಿನ್ನದೊಂದಿಗೆ. ಅಂದುಕೊಂಡ ಪ್ರಚಾರ ಆ ಸರ್ಕಾರಕ್ಕೆ ಸಿಕ್ಕಿತು. ನನಗೆ ಓವೆನ್ಸ್‌ಗಿಂತ ಜಾಸ್ತಿ ನೆನಪಾಗುವುದು ಗ್ರೆಟೆಲ್ ಬರ್ಗ್‌ಮನ್. ಎತ್ತರ ಜಿಗಿತದ ಯಹೂದಿ ಹುಡುಗಿ. ಕೂಟಕ್ಕೆ ಮುಂಚೆ 1.60 ಮೀಟರ್ ಜಿಗಿದು ಜರ್ಮನಿಯ ದಾಖಲೆಯನ್ನು ಸಮ ಮಾಡಿದ್ದರು. ಆದರೂ ತಂಡದಿಂದ ಅವರನ್ನು ಕೈಬಿಟ್ಟರು. ಕ್ರೀಡಾ ನೀತಿಯಲ್ಲಿ ಕ್ರೂರತನ ಇದ್ದರೆ ಅದು ಮೈದಾನದಲ್ಲಿ ಕಾಣುವುದಿಲ್ಲ, ಆಯ್ಕೆ ಪಟ್ಟಿಯಲ್ಲಿ ಇಲ್ಲದ ಹೆಸರಿನಲ್ಲಿ ಇರುತ್ತದೆ.

ಒಂದೇ ಜನ, ಬೇರೆ ಬೇರೆ ಸಿದ್ಧಾಂತ, ಹಾಗಾಗಿ ಬೇರೆ ಬೇರೆ ಕ್ರೀಡಾ ನೀತಿ. ಅಂಥ ಉದಾಹರಣೆ ಇದೆಯಾ?

ಇದೆ. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಎರಡು ಜರ್ಮನಿಗಳು, ಪಶ್ಚಿಮದ್ದು ಪ್ರಜಾಪ್ರಭುತ್ವ, ಪೂರ್ವದ್ದು ಕಮ್ಯುನಿಸ್ಟ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಶ್ಚಿಮ ಜರ್ಮನಿಯಲ್ಲಿ 1960ರಲ್ಲಿ ‘ಗೋಲ್ಡನ್ ಪ್ಲಾನ್’ ಅನ್ನುವ ಯೋಜನೆ ಬಂತು. ಚಿನ್ನ ಅಂದ ಮಾತ್ರಕ್ಕೆ ಪದಕ ಅಂತ ತಿಳಿಯಬೇಡಿ. ಯುದ್ಧದಲ್ಲಿ ಹಾಳಾದ ಊರುಗಳಲ್ಲಿ ಮಕ್ಕಳ ಆಟದ ಜಾಗ, ಮೈದಾನ, ವ್ಯಾಯಾಮದ ಹಾಲ್, ಈಜುಕೊಳ ಎಷ್ಟು ಕಡಿಮೆ ಇವೆ ಅಂತ ಲೆಕ್ಕ ಹಾಕಿ, ಹದಿನೈದು ವರ್ಷದಲ್ಲಿ ಕಟ್ಟಿ ಮುಗಿಸುವ ಯೋಜನೆ ಅದು. ಎಷ್ಟು ಜನಸಂಖ್ಯೆಗೆ ಎಷ್ಟು ಜಾಗ ಇರಬೇಕು ಅನ್ನುವುದೇ ಅದರ ಅಳತೆ. ಕೇಂದ್ರ, ರಾಜ್ಯ, ನಗರಸಭೆ ಮೂರೂ ಸೇರಿ ಖರ್ಚು ಹಂಚಿಕೊಂಡವು.

ಪೂರ್ವ ಜರ್ಮನಿ ಬೇರೆ ದಾರಿ ಹಿಡಿಯಿತು. ಆ ದೇಶಕ್ಕೆ ಜಗತ್ತು ತನ್ನನ್ನು ಒಂದು ದೇಶ ಅಂತ ಒಪ್ಪಿಕೊಂಡರೆ ಸಾಕಾಗಿತ್ತು. 1972ರ ಒಲಿಂಪಿಕ್ಸ್ ಬೇರೆ ಮ್ಯೂನಿಕ್‌ನಲ್ಲಿ, ಅಂದರೆ ಪಶ್ಚಿಮದವರ ಅಂಗಳದಲ್ಲೇ ನಡೆಯಲಿತ್ತು. ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ತಮ್ಮದೇ ಬಾವುಟ, ತಮ್ಮದೇ ಗೀತೆ. ಅದಕ್ಕಾಗಿ 1969ರಲ್ಲಿ ಆಟಗಳನ್ನು ಎರಡು ಗುಂಪು ಮಾಡಿದರು. ಪದಕ ಜಾಸ್ತಿ ತರುವ ಈಜು, ದೋಣಿ, ಅಥ್ಲೆಟಿಕ್ಸ್‌ನಂಥವು ಮೊದಲ ಗುಂಪಿಗೆ ಹೋದವು. ಬಾಸ್ಕೆಟ್‌ಬಾಲ್, ಹಾಕಿ, ವಾಟರ್ ಪೋಲೊ ಎರಡನೇ ಗುಂಪಿಗೆ ಬಿದ್ದವು, ಅಂದರೆ ದೊಡ್ಡ ಮಟ್ಟದ ಬೆಂಬಲ ಅಲ್ಲಿಗೆ ನಿಂತಿತು. ಲೆಕ್ಕ ಸರಳ. ಒಬ್ಬ ಒಳ್ಳೆಯ ಈಜುಗಾರ್ತಿ ಒಂದೇ ಕೂಟದಲ್ಲಿ ನಾಲ್ಕು ಪದಕ ತರಬಹುದು. ಹನ್ನೆರಡು ಜನರ ಬಾಸ್ಕೆಟ್‌ಬಾಲ್ ತಂಡ ಗೆದ್ದರೂ ಪಟ್ಟಿಯಲ್ಲಿ ಒಂದೇ ಪದಕ.

ಫಲ ಸಿಕ್ಕಿತು. ಸುಮಾರು 1 ಕೋಟಿ 70 ಲಕ್ಷ ಜನರ ದೇಶ 1976ರ ಮಾಂಟ್ರಿಯಲ್‌ನಲ್ಲಿ 40 ಚಿನ್ನ ಗೆದ್ದು ಅಮೆರಿಕವನ್ನೂ ಹಿಂದೆ ಹಾಕಿತು. ಮಹಿಳೆಯರ ಈಜಿನಲ್ಲಿ 13 ಚಿನ್ನದಲ್ಲಿ 11 ಅವರದ್ದೇ. ಅದಕ್ಕೆ ಕೊಟ್ಟ ಬೆಲೆ ಬರ್ಲಿನ್ ಗೋಡೆ ಬಿದ್ದ ಮೇಲೆ ಬಯಲಾಯಿತು. 1974ರಿಂದ ಸರ್ಕಾರವೇ ಯೋಜನೆ ಹಾಕಿ ಉದ್ದೀಪನ ಮದ್ದು ಕೊಡಿಸುತ್ತಿತ್ತು. ಎಳೆಯ ಹುಡುಗಿಯರಿಗೆ ವಿಟಮಿನ್ ಮಾತ್ರೆ ಅಂತ ಹೇಳಿ ಗಂಡು ಹಾರ್ಮೋನು ನುಂಗಿಸಿದರು. ಅವರಲ್ಲಿ ಎಷ್ಟೋ ಜನ ಇವತ್ತಿಗೂ ಅದರ ಕಾಯಿಲೆಗಳೊಂದಿಗೆ ಬದುಕುತ್ತಿದ್ದಾರೆ. ಆ ದೇಶದ ಕ್ರೀಡಾ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ಮ್ಯಾನ್‌ಫ್ರೆಡ್ ಎವಾಲ್ಡ್‌ಗೆ 2000ನೇ ಇಸವಿಯಲ್ಲಿ ಬರ್ಲಿನ್ ಕೋರ್ಟು ಶಿಕ್ಷೆ ವಿಧಿಸಿತು. ಅದನ್ನೂ ಅಮಾನತಿನಲ್ಲಿಟ್ಟಿತು, ಅವರು ಜೈಲಿಗೆ ಹೋಗಬೇಕಾಗಲಿಲ್ಲ.

ಅದು ಸರ್ವಾಧಿಕಾರ. ಪ್ರಜಾಪ್ರಭುತ್ವದಲ್ಲಿ ಹಾಗೆಲ್ಲ ನಡೆಯುವುದಿಲ್ಲ ಅಲ್ವಾ?

ಮದ್ದು ನುಂಗಿಸುವ ಸರ್ಕಾರಿ ಯೋಜನೆ ನಡೆಯುವುದಿಲ್ಲ, ನಿಜ. ಆದರೆ ಪದಕದ ಲೆಕ್ಕ ಮಾತ್ರ ಚೆನ್ನಾಗಿ ನಡೆಯುತ್ತದೆ. ಬ್ರಿಟನ್ ಕಥೆ ನೋಡಿ.

1975ರಲ್ಲಿ ಅಲ್ಲಿನ ಲೇಬರ್ ಸರ್ಕಾರ ಒಂದು ಶ್ವೇತಪತ್ರ ಹೊರಡಿಸಿತು. ಆಟ, ಮನರಂಜನೆ ಕೂಡ ಸಮಾಜ ಸೇವೆಗಳ ಭಾಗ ಅಂತ ಅದರಲ್ಲಿತ್ತು, ಅಂದರೆ ಆಸ್ಪತ್ರೆ, ವಸತಿ ಇದ್ದ ಸಾಲಿಗೇ ಇದನ್ನೂ ಸೇರಿಸಿದರು. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಮುಂತಾದ ಕಡೆ ಗಲಭೆ ಆಯಿತು. ಮರುವರ್ಷ ಬಡ ಬಡಾವಣೆಗಳ ಹುಡುಗರಿಗೆ ಆಟ ಆಡಿಸುವ ಯೋಜನೆಗೆ ಹಣ ಬಂತು. ಹಕ್ಕು ಅಂತಿದ್ದದ್ದು ಗಲಾಟೆ ತಡೆಯುವ ಸಾಧನವಾಯಿತು. ಮಾರ್ಗರೆಟ್ ಥ್ಯಾಚರ್ ಅವರ ಕನ್ಸರ್ವೇಟಿವ್ ಸರ್ಕಾರ ಅದೇ ದಶಕದ ಕೊನೆಗೆ ನಗರಸಭೆಗಳ ಕ್ರೀಡಾ ಕೇಂದ್ರಗಳ ನಿರ್ವಹಣೆಯನ್ನು ಟೆಂಡರಿಗೆ ಹಾಕಿಸಿತು. ಹಾಗೆ ಆಡಲು ಬಂದವರು ಗಿರಾಕಿಗಳಾದರು. 1995ರಲ್ಲಿ ಜಾನ್ ಮೇಜರ್ ಸರ್ಕಾರದ ನೀತಿ ಶಾಲೆಗಳ ತಂಡದಾಟ ಮತ್ತು ಉನ್ನತ ಮಟ್ಟದ ಸಾಧನೆ ಎರಡಕ್ಕೇ ಒತ್ತು ಕೊಟ್ಟಿತು. ಇಪ್ಪತ್ತು ವರ್ಷದಲ್ಲಿ ಒಂದೇ ದೇಶದ ಈಜುಕೊಳಕ್ಕೆ ನಾಲ್ಕು ಅರ್ಥ ಬಂದಿತ್ತು.

ಆಮೇಲೆ 1996ರ ಅಟ್ಲಾಂಟಾ ಒಲಿಂಪಿಕ್ಸ್. ಬ್ರಿಟನ್‌ಗೆ ಸಿಕ್ಕಿದ್ದು ಒಂದೇ ಚಿನ್ನ, 36ನೇ ಸ್ಥಾನ. ದೇಶವೇ ತಲೆ ತಗ್ಗಿಸಿತು. 1997ರಲ್ಲಿ ಉನ್ನತ ಮಟ್ಟದ ಆಟಕ್ಕೆ ಹಣ ಹಂಚುವ ಸರ್ಕಾರಿ ಸಂಸ್ಥೆ ಯುಕೆ ಸ್ಪೋರ್ಟ್ ಶುರುವಾಯಿತು, ರಾಷ್ಟ್ರೀಯ ಲಾಟರಿಯ ಹಣ ನೇರವಾಗಿ ಕ್ರೀಡಾಪಟುಗಳ ಕಡೆ ಹರಿಯಿತು. ಇಲ್ಲಿ ಗಮನಿಸಿ, ಅಧಿಕಾರ ಕನ್ಸರ್ವೇಟಿವ್ ಪಕ್ಷದ ಮೇಜರ್‌ನಿಂದ ಲೇಬರ್ ಪಕ್ಷದ ಟೋನಿ ಬ್ಲೇರ್ ಕೈಗೆ ಹೋದರೂ ದಾರಿ ಬದಲಾಗಲಿಲ್ಲ. ‘ರಾಜಿ ಇಲ್ಲ’ ಅನ್ನುವುದೇ ಆ ನೀತಿಯ ಹೆಸರಾಯಿತು. ಪದಕ ತರುವ ಆಟಕ್ಕೆ ಹಣ, ತರದಿದ್ದರೆ ಕಡಿತ. 2012ರ ಲಂಡನ್‌ನಲ್ಲಿ 29 ಚಿನ್ನ ಬಂತು. ಎರಡು ವರ್ಷದ ನಂತರ ಅನುದಾನ ಕಳೆದುಕೊಂಡ ಆಟಗಳಲ್ಲಿ ಬಾಸ್ಕೆಟ್‌ಬಾಲ್ ಇತ್ತು, ವಾಟರ್ ಪೋಲೊ ಇತ್ತು.

ಇನ್ನೊಮ್ಮೆ ಓದಿ. ಬಾಸ್ಕೆಟ್‌ಬಾಲ್ ಮತ್ತು ವಾಟರ್ ಪೋಲೊ. ಪೂರ್ವ ಜರ್ಮನಿ 1969ರಲ್ಲಿ ಕೈಬಿಟ್ಟ ಆಟಗಳು. ಒಂದು ಕಮ್ಯುನಿಸ್ಟ್ ದೇಶ, ಇನ್ನೊಂದು ಚುನಾವಣೆ ನಡೆಯುವ ಮಾರುಕಟ್ಟೆ ದೇಶ. ಪದಕವೇ ಗುರಿ ಅಂತ ಇಟ್ಟುಕೊಂಡ ಮೇಲೆ ಇಬ್ಬರೂ ಒಂದೇ ಆಟಗಳನ್ನು ಕೈಬಿಟ್ಟರು. ಬಾಸ್ಕೆಟ್‌ಬಾಲ್‌ಗೆ ಒಂದು ಚೆಂಡು, ಒಂದು ರಿಂಗ್ ಸಾಕು. ಅದನ್ನು ಆಡುವವರು ಜಾಸ್ತಿ ನಗರದ ಬಡ ಮನೆಗಳ ಮಕ್ಕಳು. ಈ ಲೆಕ್ಕದಲ್ಲಿ ಅವರಿಗೆ ಜಾಗವೇ ಇರಲಿಲ್ಲ. 2016ರಲ್ಲಿ ಇನ್ನೂ ಆಶ್ಚರ್ಯದ್ದು ಆಯಿತು. ರಿಯೋದಲ್ಲಿ ಕಂಚು ಗೆದ್ದು ಬಂದಿದ್ದ ಬ್ಯಾಡ್ಮಿಂಟನ್‌ ಅನ್ನು ಅದೇ ಡಿಸೆಂಬರ್‌ನಲ್ಲಿ ಟೋಕಿಯೋ ತಯಾರಿಯ ಅನುದಾನ ಪಟ್ಟಿಯಿಂದ ಬಿಟ್ಟರು.

ಮತ್ತೆ 2022ರಲ್ಲಿ ಬ್ರಿಟಿಷ್ ಜಿಮ್ನಾಸ್ಟಿಕ್ಸ್ ಬಗ್ಗೆ ಆ್ಯನ್ ವೈಟ್ ನಡೆಸಿದ ತನಿಖೆಯ ವರದಿ ಬಂತು. 400ಕ್ಕೂ ಹೆಚ್ಚು ಜನ ತಮ್ಮ ಅನುಭವ ಬರೆದು ಕೊಟ್ಟಿದ್ದರು. ತೂಕದ ಹೆಸರಿನಲ್ಲಿ ಮಕ್ಕಳನ್ನು ಅವಮಾನಿಸಿದ್ದು, ನೋವಿದ್ದರೂ ಅಭ್ಯಾಸ ಮಾಡಿಸಿದ್ದು, ನೀರು ಕುಡಿಯಲು ಬಿಡದಿದ್ದು ಎಲ್ಲ ಅದರಲ್ಲಿದೆ. ಯಾವ ಸರ್ಕಾರವೂ ಹೀಗೆ ಮಾಡಿ ಅಂತ ಹೇಳಿರಲಿಲ್ಲ. ಆದರೆ ಪದಕ ತಪ್ಪಿದರೆ ಕೋಚ್‌ನ ಸಂಬಳವೇ ಹೋಗುತ್ತದೆ ಅನ್ನುವಂತೆ ಅನುದಾನ ಕಟ್ಟಿದ ಮೇಲೆ ಆ ಒತ್ತಡ ಕೊನೆಗೆ ಬೀಳುವುದು ಹತ್ತು ವರ್ಷದ ಮಗುವಿನ ಮೇಲೆ.

ಪದಕ ಬಂದರೆ ಅದನ್ನು ನೋಡಿ ಸಾವಿರಾರು ಮಕ್ಕಳು ಆಡಲು ಬರುತ್ತಾರೆ. ಹಾಗಾದರೆ ಪದಕಕ್ಕೆ ಖರ್ಚು ಮಾಡಿದ್ದು ಎಲ್ಲರಿಗೂ ಮಾಡಿದ ಹಾಗೆ ಆಗಲ್ವಾ?

ಎಲ್ಲ ಸರ್ಕಾರಗಳೂ ಹೇಳುವ ಮಾತು ಇದು. ಕೇಳಲು ಚೆನ್ನಾಗಿದೆ. ಸಂಶೋಧಕರು ಹುಡುಕಿದಾಗ ಮಾತ್ರ ಪುರಾವೆ ತೀರಾ ತೆಳು. ಟಿವಿಯಲ್ಲಿ ಓಟ ನೋಡಿ ಮೊದಲೇ ಆಡುತ್ತಿದ್ದವರಿಗೆ ಇನ್ನಷ್ಟು ಹುರುಪು ಬರಬಹುದು. ಆಡದೇ ಇದ್ದವರು ಎದ್ದು ಬರುವುದು ಕಡಿಮೆ. ಕಾರಣ ಊಹಿಸಬಹುದು ಅಲ್ವಾ? ಸ್ಫೂರ್ತಿ ಒಂದು ವಾರ ಇರುತ್ತದೆ. ಆ ವಾರದಲ್ಲಿ ಹತ್ತಿರದಲ್ಲಿ ಮೈದಾನ, ಹೇಳಿಕೊಡುವವರು, ಕೈಗೆಟಕುವ ಶುಲ್ಕ ಇಲ್ಲದಿದ್ದರೆ ಮಗು ಮತ್ತೆ ಮೊಬೈಲಿಗೇ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ: 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಜನ, ಅಂದರೆ ಸುಮಾರು 180 ಕೋಟಿ, ಬೇಕಾದಷ್ಟು ದೈಹಿಕ ಚಟುವಟಿಕೆ ಮಾಡುತ್ತಿರಲಿಲ್ಲ. ಇದನ್ನು ಸರಿಮಾಡಲು ಪದಕ ಪಟ್ಟಿ ಸಾಲುವುದಿಲ್ಲ.

ಕೆಲವು ದೇಶಗಳಲ್ಲಿ ಕ್ರೀಡಾ ಸಚಿವಾಲಯವೇ ಇಲ್ಲವಂತೆ. ಅಲ್ಲಿ ಸಿದ್ಧಾಂತವೂ ಇಲ್ಲ ತಾನೇ?

ಅಮೆರಿಕದ ವಿಷಯ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಸಚಿವಾಲಯ ಬೇಡ ಅನ್ನುವುದೇ ಒಂದು ಸಿದ್ಧಾಂತ. 1978ರ ಕಾನೂನಿನ ಪ್ರಕಾರ ಒಲಿಂಪಿಕ್ ಆಟಗಳನ್ನೆಲ್ಲ ಅಲ್ಲಿನ ಒಲಿಂಪಿಕ್ ಸಮಿತಿಯೇ ನೋಡಿಕೊಳ್ಳುತ್ತದೆ. ಆ ಸಮಿತಿ ತನ್ನ ಹಣವನ್ನು ಟಿವಿ ಹಕ್ಕು, ಪ್ರಾಯೋಜಕರು, ದೇಣಿಗೆಗಳಿಂದ ತರುತ್ತದೆ. ಶಾಲೆ ಕಾಲೇಜುಗಳು ಆಟಗಾರರನ್ನು ತಯಾರು ಮಾಡುತ್ತವೆ. ಹಣವಿರುವ ಮನೆಯ ಮಕ್ಕಳಿಗೆ ಕ್ಲಬ್ಬು, ಕೋಚ್ ಎಲ್ಲ ಸಿಗುತ್ತದೆ, ಉಳಿದವರ ಪಾಡು ಅವರವರ ಶಾಲೆಯ ಪಾಡು.

ಅದೇ ದೇಶದಲ್ಲಿ ಜಗತ್ತಿನ ಅತ್ಯಂತ ಪರಿಣಾಮಕಾರಿ ಕ್ರೀಡಾ ನೀತಿಯೊಂದು ಹುಟ್ಟಿತು ಅನ್ನುವುದನ್ನೂ ಹೇಳಲೇಬೇಕು. 1972ರ ‘ಟೈಟಲ್ ನೈನ್’. ಸರ್ಕಾರದ ಹಣ ಪಡೆಯುವ ಶಿಕ್ಷಣದಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಅನ್ನುವ ಕಾನೂನು. ಅದರ ಮುಖ್ಯ ವಾಕ್ಯದಲ್ಲಿ ಆಟ ಅನ್ನುವ ಪದವೇ ಇಲ್ಲ! ಆದರೂ ಹೈಸ್ಕೂಲಿನಲ್ಲಿ ಆಡುವ ಹುಡುಗಿಯರ ಸಂಖ್ಯೆ 1972ರ ಹೊತ್ತಿಗೆ 3 ಲಕ್ಷಕ್ಕಿಂತ ಕಡಿಮೆ ಇದ್ದದ್ದು ಈಗ 30 ಲಕ್ಷ ದಾಟಿದೆ. ಹುಡುಗಿಯರಿಗೆ ಆಟದಲ್ಲಿ ಆಸಕ್ತಿ ಇಲ್ಲ ಅನ್ನುತ್ತಿದ್ದವರಿಗೆ ಈ ಒಂದು ಸಂಖ್ಯೆ ಸಾಕು. ಆಸಕ್ತಿ ಮೊದಲೂ ಇತ್ತು, ಅಂಗಳ ಇರಲಿಲ್ಲ.

ಎಲ್ಲರಿಗೂ ಆಟ, ಜೊತೆಗೆ ಪದಕ, ಎರಡೂ ಸಾಧ್ಯವಾ?

ನಾರ್ವೆ ಮಾಡಿ ತೋರಿಸಿದೆ. 1987ರಲ್ಲಿ ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಆಟಕ್ಕೇ ಬೇರೆ ನಿಯಮ ತಂದಿತು. ಚಿಕ್ಕ ಮಕ್ಕಳ ಪಂದ್ಯದಲ್ಲಿ ರ‍್ಯಾಂಕ್ ಪಟ್ಟಿ ಹಾಕುವ ಹಾಗಿಲ್ಲ. ಮಗುವಿಗೆ 13 ಆಗುವವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಎಷ್ಟು ಆಡಬೇಕು, ಯಾವ ಆಟ ಆಡಬೇಕು ಅಂತ ಹೇಳುವ ಹಕ್ಕು ಮಗುವಿಗೂ ಇದೆ. ಮರುವರ್ಷದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ವೆಗೆ ಒಂದೂ ಚಿನ್ನ ಬರಲಿಲ್ಲ. ಆಗ ಅವರು ಉನ್ನತ ಮಟ್ಟದ ತರಬೇತಿಗೆ ಬೇರೆ ವ್ಯವಸ್ಥೆ ಗಟ್ಟಿ ಮಾಡಿದರು, ಮಕ್ಕಳ ನಿಯಮವನ್ನು ಮಾತ್ರ ಮುಟ್ಟಲಿಲ್ಲ. ಸರ್ಕಾರಿ ಲಾಟರಿ ಸಂಸ್ಥೆಯ ಲಾಭದ ದೊಡ್ಡ ಪಾಲು ಮೈದಾನ, ಹಾಲ್, ಕ್ಲಬ್ಬುಗಳಿಗೆ ಹೋಗುತ್ತದೆ. 2022ರಲ್ಲಿ ಸುಮಾರು 55 ಲಕ್ಷ ಜನರ ಈ ದೇಶ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು.

ನಾರ್ವೆ ಶ್ರೀಮಂತ ದೇಶ, ಹಿಮವೂ ಇದೆ, ಒಪ್ಪಿದೆ. ಆದರೆ ಎಂಟು ವರ್ಷದ ಮಗುವಿಗೆ ರ‍್ಯಾಂಕ್ ಕೊಡದೇ ಇರಲು ಹಣ ಬೇಕಾಗಿಲ್ಲ.

ಬಹಿಷ್ಕಾರದಿಂದ ಏನಾದರೂ ಆಗುತ್ತದಾ?

ಕೆಲವೊಮ್ಮೆ ಆಗುತ್ತದೆ. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1970ರಲ್ಲಿ ಹೊರಹಾಕಿತು. 1974ರಲ್ಲಿ ಭಾರತ ಟೆನಿಸ್ ಆಟದ ಡೇವಿಸ್ ಕಪ್ ಫೈನಲ್ ತಲುಪಿತ್ತು, ಎದುರಿಗೆ ದಕ್ಷಿಣ ಆಫ್ರಿಕಾ. ಆಡುವುದಿಲ್ಲ ಅಂತ ಭಾರತ ಕಪ್ಪನ್ನೇ ಬಿಟ್ಟುಕೊಟ್ಟಿತು. ಆಟಗಾರರಿಗೆ ಎಂಥ ಸಂಕಟ ಆಗಿರಬೇಕು! ಆದರೂ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ನಂಬಿಕೆ. ಯಾಕೆಂದರೆ ಅಲ್ಲಿ ತಂಡದ ಆಯ್ಕೆಯೇ ಚರ್ಮದ ಬಣ್ಣದ ಮೇಲೆ ನಿಂತಿತ್ತು. ಅನ್ಯಾಯ ಆಟದ ಒಳಗೇ ಇತ್ತು. 1980ರ ಮಾಸ್ಕೋ, 1984ರ ಲಾಸ್ ಏಂಜಲೀಸ್ ಬಹಿಷ್ಕಾರಗಳು ಬೇರೆ ಥರ. ಅಮೆರಿಕ, ಸೋವಿಯತ್ ಒಕ್ಕೂಟ ಅನ್ನುವ ಎರಡು ದೊಡ್ಡ ಶಕ್ತಿಗಳ ಜಗಳದಲ್ಲಿ ಒಂದು ತಲೆಮಾರಿನ ಕ್ರೀಡಾಪಟುಗಳು ತಮ್ಮ ಒಂದೇ ಅವಕಾಶ ಕಳೆದುಕೊಂಡರು. ಮಾಸ್ಕೋ ಬಹಿಷ್ಕಾರಕ್ಕೆ ಕಾರಣ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ನುಗ್ಗಿದ್ದು, ಆದರೆ ಆ ಸೈನ್ಯ ವಾಪಸ್ ಹೋಗಿದ್ದು 1989ರಲ್ಲಿ.

ಸರ್ಕಾರ ಕ್ರೀಡಾ ಒಕ್ಕೂಟಗಳ ತಂಟೆಗೆ ಹೋಗಬಾರದು ಅಂತಾರೆ. ಹಣ ಸರ್ಕಾರದ್ದು, ಲೆಕ್ಕ ಕೇಳಬಾರದಾ?

ಲೆಕ್ಕ ಕೇಳಬೇಕು. ತಂಡದಲ್ಲಿ ಯಾರಿರಬೇಕು ಅಂತ ಹೇಳಬಾರದು. ಇವೆರಡರ ನಡುವಿನ ಗೆರೆ ಎಲ್ಲಿ ಅನ್ನುವುದೇ ಜಗಳ. 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು, ಅದರ ಚುನಾವಣೆಯಲ್ಲಿ ಸರ್ಕಾರದ ಹಸ್ತಕ್ಷೇಪ ಇದೆ ಅಂತ, ಅಮಾನತು ಮಾಡಿತು. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಮ್ಮ ಕ್ರೀಡಾಪಟುಗಳು ತ್ರಿವರ್ಣ ಧ್ವಜ ಇಲ್ಲದೆ ನಡೆದರು. ಸ್ವಾಯತ್ತತೆ ಬೇಕು, ಆದರೆ ಅದು ಆಟಗಾರರ ರಕ್ಷಣೆಗೆ ಬೇಕು, ಕುರ್ಚಿ ಬಿಡದ ಪದಾಧಿಕಾರಿಗಳ ರಕ್ಷಣೆಗೆ ಅಲ್ಲ.

ದೊಡ್ಡ ಕೂಟಗಳನ್ನು ನಡೆಸುವುದು ಒಳ್ಳೆಯದಲ್ವಾ?

ಮಾಂಟ್ರಿಯಲ್ 1976ರ ಕೂಟದ ಸಾಲ ತೀರಿದ್ದು 2006ರಲ್ಲಿ. ಜನರನ್ನು ಮತ ಹಾಕಿ ಕೇಳಿದ ಕಡೆ ಎಷ್ಟೋ ಸಲ ಬೇಡ ಅಂದಿದ್ದಾರೆ: 1972ರಲ್ಲಿ ಡೆನ್ವರ್ ಇದ್ದ ಕೊಲೊರಾಡೋ, 2015ರಲ್ಲಿ ಹ್ಯಾಂಬರ್ಗ್, 2018ರಲ್ಲಿ ಕ್ಯಾಲ್ಗರಿ. ಕೂಟ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಜನರನ್ನು ಕೇಳಿ, ಅಷ್ಟೇ.

ಭಾರತದ ನೀತಿ ಯಾವ ಕಡೆಗಿದೆ?

ಸಂವಿಧಾನದಲ್ಲಿ ಕ್ರೀಡೆ ರಾಜ್ಯ ಪಟ್ಟಿಯ 33ನೇ ಬಾಬ್ತಿನಲ್ಲಿದೆ, ನಾಟಕ, ಸಿನಿಮಾ, ಮನರಂಜನೆಗಳ ಜೊತೆಗೆ. ಕೇಂದ್ರದಲ್ಲಿ ಕ್ರೀಡೆಗೆ ಬೇರೆ ಇಲಾಖೆ ಬಂದಿದ್ದೇ 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ನಡೆಸಬೇಕಾದಾಗ. ರಾಷ್ಟ್ರೀಯ ನೀತಿ 1984ರಲ್ಲಿ ಬಂತು, 2001ರಲ್ಲಿ ಹೊಸದು, 2025ರ ಜುಲೈನಲ್ಲಿ ‘ಖೇಲೋ ಭಾರತ್ ನೀತಿ’. ಮೂರರಲ್ಲೂ ಎಲ್ಲರಿಗೂ ಆಟ ಮತ್ತು ಉನ್ನತ ಸಾಧನೆ ಎರಡರ ಮಾತೂ ಇದೆ. ಹೊಸದರಲ್ಲಿ ಆರ್ಥಿಕ ಬೆಳವಣಿಗೆಯ ಮಾತೂ ಸೇರಿದೆ, 2036ರ ಒಲಿಂಪಿಕ್ಸ್ ಆಸೆಯೂ ಇದೆ. ಆತಿಥ್ಯದ ತಯಾರಿ ಶುರುವಾದಾಗ ಎಲ್ಲರಿಗೂ ಆಟ, ಉನ್ನತ ಸಾಧನೆ ಈ ಎರಡರಲ್ಲಿ ಯಾವುದರ ಹಣ ಮೊದಲು ಕರಗುತ್ತದೆ ಅಂತ ನೋಡುತ್ತಿರಬೇಕು.

ನೀತಿ ಪುಸ್ತಕ ನೂರು ಪುಟ ಇರುತ್ತದೆ. ಓದುವುದು ಎಲ್ಲಿಂದ?

ಮುನ್ನುಡಿ ಬಿಡಿ, ಎಲ್ಲ ದೇಶದಲ್ಲೂ ಒಂದೇ ಥರ ಇರುತ್ತದೆ. ನೇರವಾಗಿ ಬಜೆಟ್‌ಗೆ ಹೋಗಿ. ಒಬ್ಬ ಉನ್ನತ ಕ್ರೀಡಾಪಟುವಿಗೆ ಎಷ್ಟು, ಒಂದು ಶಾಲೆಗೆ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಗೆಲುವನ್ನು ಯಾವುದರಲ್ಲಿ ಅಳೆಯುತ್ತಾರೆ ಅಂತ ಹುಡುಕಿ. ಪದಕ ಎಷ್ಟು ಬೇಕು ಅನ್ನುವುದಕ್ಕೆ ಸಂಖ್ಯೆ, ಇಸವಿ ಎರಡೂ ಇದ್ದು, ಎಲ್ಲರಿಗೂ ಆಟ ಅನ್ನುವ ಕಡೆ ಸುಮ್ನೆ ‘ಉತ್ತೇಜನ ನೀಡಲಾಗುವುದು’ ಅಂತಷ್ಟೇ ಇದ್ದರೆ ಆ ನೀತಿ ಯಾವ ಕಡೆಗಿದೆ ಅಂತ ಗೊತ್ತಾಗುತ್ತದೆ. ಕಟ್ಟುವ ಹಣದ ಜೊತೆಗೆ ನಿರ್ವಹಣೆಯ ಹಣ ಇದೆಯಾ ನೋಡಿ. ಕೋಚ್‌ಗಳು ಕಾಯಂ ಕೆಲಸದವರಾ, ತಿಂಗಳ ಗುತ್ತಿಗೆಯವರಾ ನೋಡಿ. ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯದ ಬಗ್ಗೆ ಒಂದು ಸಾಲಾದರೂ ಇದೆಯಾ, ಗಾಲಿಕುರ್ಚಿ ಒಳಗೆ ಬರುತ್ತದಾ ನೋಡಿ.

ಕೊನೆಗೆ ಆ ನೀತಿಯಡಿ ಕಟ್ಟಿದ ಯಾವುದಾದರೂ ಕ್ರೀಡಾಂಗಣಕ್ಕೆ ಸಂಜೆ ಆರಕ್ಕೆ ಹೋಗಿ. ಗೇಟು ತೆಗೆದಿದೆಯಾ, ಒಳಗೆ ಯಾರಿದ್ದಾರೆ, ಬೇಲಿಯ ಹೊರಗೆ ನಿಂತು ಯಾರು ನೋಡುತ್ತಿದ್ದಾರೆ ಅಂತ ಗಮನಿಸಿ, ಆ ಹೊರಗಿನವರನ್ನೇ ಮಾತಾಡಿಸಿ.